ಬೆಂಗಳೂರಲ್ಲಿ ಸ್ಕೂಟರ್ ಇಲ್ಲದೆ ಬಸ್ಸು, ಸೈಕಲ್ಲಲ್ಲೇ ಓಡಾಡೋಕೆ ಆಗುತ್ತಾ? ಹಾಸನದವರು ಹೇಳಿ

ಕುವೆಂಪುನಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನದ ಕುವೆಂಪುನಗರದಲ್ಲಿ. ಓದಿದ್ದು ಸಾಲಗಾಮೆ ರಸ್ತೆಯ ಕಾಲೇಜಲ್ಲಿ. ನಾಲ್ಕು ವರ್ಷವೂ ಸೈಕಲ್ಲಲ್ಲೇ ಹೋಗಿ ಬಂದೆ. ಈಗ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಆಫೀಸು ಔಟರ್ ರಿಂಗ್ ರೋಡಿನಲ್ಲಿ, ಕಾಡುಬೀಸನಹಳ್ಳಿ ಹತ್ತಿರ. ಮುಂದಿನ ತಿಂಗಳು ಸೇರಬೇಕು.

ಅಪ್ಪ ಸ್ಕೂಟರ್ ಕೊಡಿಸುತ್ತೇನೆ ಅಂತಿದ್ದಾರೆ. ಅದಕ್ಕೆ ಸಾಲ ಮಾಡಬೇಕು, ಅದು ನನಗೆ ಇಷ್ಟವಿಲ್ಲ. ಆ ಟ್ರಾಫಿಕ್ಕಲ್ಲಿ ಗಾಡಿ ಓಡಿಸೋಕೂ ಭಯ. ಬಸ್ಸು, ಸೈಕಲ್ ಎರಡನ್ನೇ ನಂಬಿಕೊಂಡು ಇರಬಹುದಾ?

ಸದ್ಯ ಎರಡು ಕಡೆ ರೂಮು ನೋಡಿದ್ದೇನೆ. ಒಂದು ಪಣತ್ತೂರು ದಾಟಿ ಬಳಗೆರೆ ಕಡೆ. ಆಫೀಸಿಗೆ ನಾಲ್ಕು ಕಿಲೋಮೀಟರ್ ಅಷ್ಟೇ. ಇನ್ನೊಂದು ಕಲ್ಯಾಣನಗರದ ಒಳಗೆ, ಗೆಳತಿಯರ ಜೊತೆ. ಅದು ಹದಿನೈದು ಕಿಲೋಮೀಟರಿಗೂ ಜಾಸ್ತಿ. ಹತ್ತಿರದ್ದೇ ಹಿಡಿಯೋಣ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅಲ್ಲಿ ಇದ್ದು ಬಂದವರು ಏನಂತೀರಿ?

ಬಿ.ಎಂ. ರಸ್ತೆಯವನು:

ತಂಗಿ, ಕೆಲಸ ಸಿಕ್ಕಿದ್ದಕ್ಕೆ ಖುಷಿಯಾಯಿತು. ನಾನು ಒಂಬತ್ತು ವರ್ಷ ಬೆಂಗಳೂರಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಅಷ್ಟೂ ವರ್ಷ ಸ್ವಂತ ಗಾಡಿ ಇರಲಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೇ ಮಾತು: ಕಿಲೋಮೀಟರ್ ನೋಡಿ ಮನೆ ಹಿಡಿಯಬೇಡಿ. ಬಸ್ ನೋಡಿ ಹಿಡಿಯಿರಿ. ಹಾಸನದಲ್ಲಿ ನಾಲ್ಕು ಕಿಲೋಮೀಟರ್ ಅಂದರೆ ತಣ್ಣೀರುಹಳ್ಳದಿಂದ ಎನ್.ಆರ್. ಸರ್ಕಲ್ ದಾಟಿದ ಹಾಗೆ, ಇಷ್ಟೇ ಅಲ್ವಾ ಅನ್ನಿಸುತ್ತದೆ. ಅಲ್ಲಿ ಹಾಗಲ್ಲ. ನಾನಿದ್ದಾಗ ಪಣತ್ತೂರಲ್ಲಿ ರೈಲ್ವೆ ಹಳಿ ಕೆಳಗೆ ಒಂದು ಇಕ್ಕಟ್ಟಾದ ಸೇತುವೆ ಇತ್ತು. ಆ ಕಡೆಯವರು ರಿಂಗ್ ರೋಡಿಗೆ ಬರಬೇಕಾದರೆ ಹೆಚ್ಚಿನವರು ಅದರಲ್ಲೇ ನುಗ್ಗಬೇಕಿತ್ತು. ನೀರಿನ ಟ್ಯಾಂಕರ್, ಶಾಲೆ ವ್ಯಾನು, ಕ್ಯಾಬು, ಎಲ್ಲವೂ ಅಲ್ಲೇ. ನಾನು ಮೊದಲ ಎಂಟು ತಿಂಗಳು ಆ ಕಡೆಯೇ ಇದ್ದೆ. ಸೈಕಲ್ ಏರಿ ಕೂತು ಹೋದದ್ದಕ್ಕಿಂತ ಇಳಿದು ತಳ್ಳಿಕೊಂಡು ಹೋದದ್ದೇ ಜಾಸ್ತಿ. ಮಳೆ ಬಂದರೆ ಸೇತುವೆ ಕೆಳಗೆ ನೀರು. ಎಷ್ಟು ಹೊತ್ತಿಗೆ ಆಫೀಸು ತಲುಪುತ್ತೇನೆ ಅಂತ ಒಂದು ದಿನವೂ ಖಾತ್ರಿ ಇರಲಿಲ್ಲ.

ಆಮೇಲೆ ಹೊರಮಾವು ಕಡೆ ಮನೆ ಮಾಡಿದೆ. ಆಫೀಸಿಗೆ ದೂರ ಮೂರು ಪಟ್ಟು ಜಾಸ್ತಿ ಆಯಿತು. ಆದರೆ ಒಂದೇ ಬಸ್. 500-ಡಿ ಹೆಬ್ಬಾಳದಿಂದ ಹೊರಟು ನಾಗವಾರ, ಕಲ್ಯಾಣನಗರ, ಹೊರಮಾವು, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ, ಬೆಳ್ಳಂದೂರು ಹಿಡಿದು ಸಿಲ್ಕ್ ಬೋರ್ಡಿಗೆ ಹೋಗುತ್ತದೆ. ನಿಮ್ಮ ಕಾಡುಬೀಸನಹಳ್ಳಿ ಅದೇ ದಾರಿಯಲ್ಲಿದೆ. ಬಸ್ ಬದಲಾಯಿಸುವ ಮಾತೇ ಇಲ್ಲ. ಕಲ್ಯಾಣನಗರ ಹೆಬ್ಬಾಳಕ್ಕೆ ಹತ್ತಿರ, ಅಲ್ಲಿ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಇದೆ. ಟಿನ್ ಫ್ಯಾಕ್ಟರಿಯಲ್ಲಿ ಜನ ನುಗ್ಗುತ್ತಾರೆ. ಅಷ್ಟರಲ್ಲಿ ನೀವು ಕೂತಿರುತ್ತೀರಿ. ಬೆಳಿಗ್ಗೆ ಏಳೂಕಾಲಿಗೆ ಹತ್ತಿದರೆ ನನಗೆ ಒಂದು ಗಂಟೆಯ ಒಳಗೆ ಮುಗಿಯುತ್ತಿತ್ತು. ಒಂಬತ್ತಕ್ಕೆ ಹತ್ತಿದ ದಿನ ಒಂದೂವರೆ ಗಂಟೆ.

ಹಾಗಾದರೆ ಸೈಕಲ್ ಯಾಕೆ? ಮನೆಯಿಂದ ಸ್ಟಾಪಿಗೆ. ಬೆಂಗಳೂರಲ್ಲಿ ಜನ ಬಸ್ ಬಿಡುವುದು ಬಸ್ ಕೆಟ್ಟದಾಗಿದೆ ಅಂತಲ್ಲ. ಸ್ಟಾಪಿಗೆ ನಡೆಯುವ ಎರಡು ಕಿಲೋಮೀಟರಿಗೆ ಬೇಸತ್ತು ಗಾಡಿ ತೆಗೆದುಕೊಳ್ಳುತ್ತಾರೆ. ಆ ಎರಡು ಕಿಲೋಮೀಟರ್ ಸೈಕಲ್ಲಿಗೆ ಹತ್ತು ನಿಮಿಷ. ಮನೆ ರಿಂಗ್ ರೋಡಿಗೆ ಅಂಟಿಕೊಂಡೇ ಇರಬೇಕು ಅಂತಿಲ್ಲ. ಒಳಗೆ ಹೋದಷ್ಟೂ ಬಾಡಿಗೆ ಕಮ್ಮಿ, ಸದ್ದೂ ಕಮ್ಮಿ.

ಆಲೂರಿನ ಅಪ್ಪ:

ಮಗಳೇ, ನಿಮ್ಮ ಅಪ್ಪನ ಜಾಗದಲ್ಲಿ ನಿಂತು ಹೇಳುತ್ತೇನೆ. ನನ್ನ ಮಗನೂ ಅಲ್ಲೇ ಕೆಲಸದಲ್ಲಿದ್ದಾನೆ. ಸೈಕಲ್ಲಲ್ಲೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದ. ಒಂದು ದಿನ ನಿಂತಿದ್ದ ಕಾರಿನ ಬಾಗಿಲು ಏಕ್ದಂ ತೆರೆದುಕೊಂಡಿತು, ಅದಕ್ಕೆ ಬಡಿದು ಬಿದ್ದ. ಮೊಣಕೈ ಮುರಿಯಿತು. ಎರಡು ತಿಂಗಳು ನಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡೆವು. ಬಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಂಗಳೂರಿನ ರಸ್ತೆಗೆ ಸೈಕಲ್ ಇಳಿಸುವ ಮುಂಚೆ ಹತ್ತು ಸಲ ಯೋಚಿಸಿ.

ಬಿ.ಎಂ. ರಸ್ತೆಯವನು:

ಸರ್, ನಿಮ್ಮ ಮಗನಿಗೆ ಆದದ್ದು ಕೇಳಿ ಬೇಜಾರಾಯಿತು. ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನೂ ರಿಂಗ್ ರೋಡಿನ ಮುಖ್ಯ ರಸ್ತೆಯಲ್ಲಿ ಸೈಕಲ್ ಹೊಡೆಯಿರಿ ಅಂತ ಹೇಳುತ್ತಿಲ್ಲ. ಅಲ್ಲಿ ಬೇಡವೇ ಬೇಡ. 2019ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರಂ ಕಡೆಗೆ ಬಸ್ಸಿಗೆ ಅಂತಲೇ ಒಂದು ಲೇನ್ ಬಿಟ್ಟುಕೊಟ್ಟಿದ್ದರು. 2020ರಲ್ಲಿ ಸೈಕಲ್ಲಿಗೂ ಒಂದು ಲೇನ್ ಮಾಡಿದರು. ಆಗ ನಾನು ದಿನಾ ಆ ದಾರಿಯಲ್ಲಿ ಹೋಗುತ್ತಿದ್ದೆ. ಬಸ್ ಹೋಗುವ ವೇಗವೇ ಬೇರೆ ಆಗಿತ್ತು. ಕಾರುಗಳೆಲ್ಲ ನಿಂತಲ್ಲೇ ನಿಂತಿರುತ್ತಿದ್ದವು, ನಮ್ಮ ಬಸ್ ಅವುಗಳ ಪಕ್ಕದಲ್ಲೇ ಸರಾಗವಾಗಿ ಹೋಗುತ್ತಿತ್ತು. ಆಮೇಲೆ ಮೆಟ್ರೋದ ನೀಲಿ ಮಾರ್ಗದ ಕೆಲಸ ಶುರುವಾಯಿತು. ಕಂಬಕ್ಕೆ, ಕ್ರೇನಿಗೆ ಜಾಗ ಬೇಕಾಯಿತು, ಲೇನುಗಳು ಹೋದವು. ಅವು ವಾಪಸ್ ಬರಬೇಕು ಅನ್ನೋದು ನನ್ನ ಆಸೆ. ಬಸ್ಸಿಗೆ ಜಾಗ ಕೊಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದವನು ನಾನು.

ಬಾಗಿಲಿನ ವಿಷಯ ಎಲ್ಲರೂ ಗಮನಿಸಬೇಕು. ನಿಂತ ಕಾರಿನ ಪಕ್ಕ ಹೋಗುವಾಗ ಕೈ ಚಾಚಿದರೂ ಕಾರಿಗೆ ತಾಗದಷ್ಟು ದೂರ ಇರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುವುದೇ ಸುರಕ್ಷಿತ ಅಂತ ನಾವು ಅಂದುಕೊಂಡಿರುತ್ತೇವೆ. ಅಂಚಿನಲ್ಲೇ ಚರಂಡಿ ಕಲ್ಲು, ಜಲ್ಲಿ, ಬಾಗಿಲು ಮೂರೂ ಇರುವುದು.

ಚನ್ನರಾಯಪಟ್ಟಣದ ಅಕ್ಕ:

ಹೆಣ್ಣುಮಕ್ಕಳ ಕಡೆಯಿಂದ ನಾನು ಹೇಳುತ್ತೇನೆ. ಆರು ವರ್ಷದಿಂದ ಬೆಂಗಳೂರಲ್ಲಿದ್ದೇನೆ.

ಖರ್ಚಿನ ಮಾತು ಮೊದಲು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನಿಮಗೆ ಗೊತ್ತೇ ಇದೆ. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳಿ ತೆಗೆದುಕೊಳ್ಳಿ. ಫ್ರೀ ಅಂತ ಸುಮ್ನೆ ಕೂರಬೇಡಿ, ಚೆಕಿಂಗ್ ಬಂದರೆ ಟಿಕೆಟ್ ಕೇಳುತ್ತಾರೆ. ನಂಬರ್ ಮುಂದೆ "ವಿ" ಇದ್ದರೆ ಅದು ಎಸಿ ವಜ್ರ, ಅದಕ್ಕೆ ದುಡ್ಡು ಕೊಡಬೇಕು. ಹಾಸನದ ಬಸ್ಸಿಗೂ ಇದೇ ಲೆಕ್ಕ. ಕೆಂಪು ಬಸ್ಸಿಗೆ ದುಡ್ಡಿಲ್ಲ, ರಾಜಹಂಸ, ಐರಾವತಕ್ಕೆ ಇದೆ. ಸ್ಕೂಟರ್ ಸಾಲದ ಕಂತಿನ ಜೊತೆ ಇದನ್ನು ಇಟ್ಟು ನಿಮ್ಮ ಅಪ್ಪನಿಗೆ ತೋರಿಸಿ. ಗಂಡುಮಕ್ಕಳು ಕೇಳುತ್ತೀರಿ ಅಂತ ಅದನ್ನೂ ಹೇಳಿಬಿಡುತ್ತೇನೆ. 2025ರ ಜನವರಿಯಲ್ಲಿ ದರ ಏರಿದಾಗ ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂಪಾಯಿ, ತಿಂಗಳ ಪಾಸು 1,200 ರೂಪಾಯಿ ಆಯಿತು.

ಇನ್ನು ಸಂಜೆ. ಹೋಗುವಾಗ ಯಾವ ಸ್ಟಾಪ್ ಆದರೂ ನಡೆಯುತ್ತದೆ, ಬರುವಾಗ ಇಳಿಯುವ ಸ್ಟಾಪ್ ಮುಖ್ಯ. ಮನೆ ಹಿಡಿಯುವ ಮುಂಚೆ ರಾತ್ರಿ ಎಂಟೂವರೆಗೆ ಒಂದು ಸಲ ಅಲ್ಲಿಗೆ ಹೋಗಿ ನಿಲ್ಲಿ. ಅಂಗಡಿ ತೆರೆದಿರುತ್ತವಾ, ಬೀದಿ ದೀಪ ಇದೆಯಾ, ಆಟೋದವರು ನಿಂತಿರುತ್ತಾರಾ ನೋಡಿ. ರಿಂಗ್ ರೋಡಲ್ಲಿ ಸಂಜೆ ನೀವು ಇಳಿಯುವುದು ಬೆಳಿಗ್ಗೆ ಹತ್ತಿದ್ದರ ಎದುರು ಬದಿಯಲ್ಲಿ. ಸೈಕಲ್ ಈ ಬದಿಯಲ್ಲಿ ಇರುತ್ತದೆ, ನೀವು ಆ ಬದಿಯಲ್ಲಿ ಇರುತ್ತೀರಿ. ನಡುವೆ ದಾಟೋಕೆ ಮೇಲ್ಸೇತುವೆ ಇದೆಯಾ ಅಂತಲೂ ನೋಡಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ವಾರ ದಿನಾ ಕಾರುಗಳ ನಡುವೆ ಓಡಿ ದಾಟುತ್ತಿದ್ದೆ, ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಸೈಕಲ್ಲನ್ನು ಸ್ಟಾಪಿನ ಕಂಬಕ್ಕೆ ಕಟ್ಟಿ ಹೋಗಬೇಡಿ. ನಾನು ಹಾಗೆ ಕಟ್ಟಿ ಹೋಗಿ ಸಂಜೆ ಬಂದರೆ ಸೀಟೇ ಇರಲಿಲ್ಲ. ಹತ್ತಿರದ ಟೈಲರ್ ಅಂಗಡಿಯೋ, ಹಾಲಿನ ಬೂತೋ ನೋಡಿ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಇಲ್ಲ ಅನ್ನುವವರು ಕಮ್ಮಿ. ತಿಂಗಳಿಗೆ ಏನಾದರೂ ಕೊಟ್ಟರೆ ಅವರೇ ಕಣ್ಣಿಟ್ಟಿರುತ್ತಾರೆ.

ಸಂತೆಪೇಟೆ ಸೈಕಲ್ ಅಂಗಡಿ:

ಕಣಮ್ಮ, ನಿನ್ನ ಹತ್ತಿರ ಇರುವ ಸೈಕಲ್ಲೇ ಸಾಕು. ಹೊಸದು ತಗೋಬೇಡ. ಹೊಸ ಸೈಕಲ್ ಸ್ಟಾಪ್ ಹತ್ತಿರ ನಿಂತರೆ ನಾಲ್ಕು ಜನರ ಕಣ್ಣು ಬೀಳುತ್ತದೆ. ತಗೊಂಡು ಹೋಗುವ ಮುಂಚೆ ಅಂಗಡಿಗೆ ತಾ, ನಾಲ್ಕು ಕೆಲಸ ಮಾಡಿಕೊಡುತ್ತೇನೆ.

ಮೊದಲು ಟ್ಯೂಬು. ಹಳೇ ವಾಲ್ವಿನ ಟ್ಯೂಬಿಗೆ ಗಾಳಿ ಹಾಕುವ ಪಂಪ್ ಹುಡುಕಿಕೊಂಡು ಬೆಂಗಳೂರಲ್ಲಿ ಎಲ್ಲಿ ತಿರುಗುತ್ತೀಯ? ಬೈಕಿನ ವಾಲ್ವ್ ಇರುವ ಟ್ಯೂಬ್ ಹಾಕಿಸಿಕೊ. ಯಾವ ಪೆಟ್ರೋಲ್ ಬಂಕಲ್ಲಾದರೂ ಗಾಳಿ ಹಿಡಿಸಬಹುದು. ಎಷ್ಟು ಗಾಳಿ ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಓದಿ ನೋಡಿ ಹೇಳು. ಬಂಕಿನ ಹುಡುಗರು ಒಂದೇ ಸಲ ಬುರ್ರನೆ ಬಿಡುತ್ತಾರೆ, ಸೈಕಲ್ ಟ್ಯೂಬ್ ಚಿಕ್ಕದು, ನಿಧಾನ ಬಿಡಿ ಅಂತ ಹೇಳಬೇಕು. ಗಾಳಿ ಕಮ್ಮಿ ಇದ್ದರೆ ಗುಂಡಿಗೆ ಇಳಿದಾಗ ರಿಮ್ಮು ಟ್ಯೂಬನ್ನು ಕಚ್ಚುತ್ತದೆ. ಅಂಥ ಪಂಕ್ಚರ್ ಬಿಚ್ಚಿ ನೋಡಿದರೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು ಇರುತ್ತದೆ. ನನ್ನ ಹತ್ತಿರ ಬರುವ ಪಂಕ್ಚರಲ್ಲಿ ಮೊಳೆ ಚುಚ್ಚಿದ್ದಕ್ಕಿಂತ ಇದೇ ಜಾಸ್ತಿ.

ಎರಡನೇದು ಹಿಂದಿನ ಫ್ರೀವೀಲ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ. ಬೆಂಗಳೂರು ದಿಣ್ಣೆ ಊರು. ನಮ್ಮ ಬಿ.ಎಂ. ರಸ್ತೆ ಹಾಗೆ ಚಪ್ಪಟೆ ಇಲ್ಲ. ನಿನ್ನದು ಗೇರ್ ಇಲ್ಲದ ಸೈಕಲ್ ಆಗಿದ್ದರೆ ಹಲ್ಲು ಜಾಸ್ತಿ ಇರುವ ಫ್ರೀವೀಲ್ ಹಾಕಿದರೆ ಏರು ಹಗುರ ಆಗುತ್ತದೆ. ವೇಗ ಸ್ವಲ್ಪ ಹೋಗುತ್ತದೆ, ಎರಡು ಕಿಲೋಮೀಟರಿಗೆ ಅದು ಲೆಕ್ಕಕ್ಕಿಲ್ಲ. ಮಡ್‌ಗಾರ್ಡ್ ಎರಡೂ ಕಡೆ ಇರಲೇಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಬೆನ್ನ ಮೇಲೆ ಉದ್ದಕ್ಕೂ ಕೆಸರಿನ ಗೆರೆ, ಆ ಬಟ್ಟೆಯಲ್ಲೇ ಆಫೀಸಲ್ಲಿ ಕೂರಬೇಕು. ಹಿಂದೆ ಕೆಂಪು ಲೈಟು. ಬೀಗ ದಪ್ಪದ್ದು ತಗೊ, ಚಕ್ರಕ್ಕೆ ಮಾತ್ರ ಹಾಕಬೇಡ, ಫ್ರೇಮನ್ನೂ ಸೇರಿಸಿ ಕಬ್ಬಿಣದ ಗ್ರಿಲ್ಲಿಗೆ ಹಾಕು.

ತೈಪೆಯಿಂದ ವಾಪಸ್ ಬಂದವನು:

ನಾನು ಓದೋಕೆ ತೈಪೆಯಲ್ಲಿ ಎರಡು ವರ್ಷ ಇದ್ದೆ. ಅಲ್ಲಿ 2009ರಲ್ಲಿ ಯೂಬೈಕ್ ಅಂತ ಬಾಡಿಗೆ ಸೈಕಲ್ ಶುರು ಮಾಡಿದರು. ಮೆಟ್ರೋಗೂ, ಬಸ್ಸಿಗೂ, ಆ ಸೈಕಲ್ಲಿಗೂ ಈಸಿಕಾರ್ಡ್ ಅನ್ನೋ ಒಂದೇ ಕಾರ್ಡು. ಸ್ಟೇಷನ್ನಿಂದ ಹೊರಗೆ ಬಂದು ಕಾರ್ಡ್ ತೋರಿಸಿ ಸೈಕಲ್ ತೆಗೆದುಕೊಂಡರೆ ಮನೆ ಹತ್ತಿರದ ಸ್ಟ್ಯಾಂಡಿಗೆ ಬಿಟ್ಟು ಹೋಗಬಹುದು. ಬಿ.ಎಂ. ರಸ್ತೆಯಣ್ಣ ಹೇಳಿದ ಹಾಗೆ ಅಲ್ಲೂ ಸೈಕಲ್ ಇರುವುದು ಮುಖ್ಯವಾಗಿ ಆ ಕೊನೆಯ ಎರಡು ಕಿಲೋಮೀಟರಿಗೆ. ನಮ್ಮಲ್ಲಿ ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. ಮೈಸೂರಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಶುರುವಾಗಿತ್ತು.

ಬೆಂಗಳೂರಲ್ಲಿ ಕೆಲವು ಬಸ್ಸುಗಳ ಮುಂದೆ ಸೈಕಲ್ ಇಡುವ ಸ್ಟ್ಯಾಂಡ್ ಕೂರಿಸಿದ್ದರು. ನಿಮಗೆ ಬೇಕಾದ ಹೊತ್ತಿಗೆ ಅಂಥದ್ದೇ ಬಸ್ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮೆಟ್ರೋದಲ್ಲಿ ಮಡಚುವ ಸೈಕಲ್ ಒಯ್ಯೋಕೆ 2022ರಿಂದ ಬಿಡುತ್ತಾರೆ, ತೂಕ 15 ಕಿಲೋ ಮೀರಬಾರದು.

ಸೋಮವಾರದ ಬಸ್:

ಎಲ್ಲರೂ ಬೆಂಗಳೂರಿನ ಒಳಗಿನದ್ದನ್ನೇ ಹೇಳಿದಿರಿ. ಹಾಸನದಿಂದ ಹೋಗಿ ಬರುವುದನ್ನು ನಾನು ಹೇಳುತ್ತೇನೆ. ಐದು ವರ್ಷ ಪ್ರತಿ ಸೋಮವಾರ ಬೆಳಗಿನ ಜಾವ ಹೊಸ ಬಸ್‌ಸ್ಟ್ಯಾಂಡಲ್ಲಿ ನಿಂತವನು ನಾನು.

ಹಾಸನದವರು ಮಾಡುವ ದೊಡ್ಡ ತಪ್ಪು ಮೆಜೆಸ್ಟಿಕ್ ತನಕ ಹೋಗುವುದು. ನಮ್ಮ ಬಸ್ಸುಗಳು ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ಹಿಡಿದು ತುಮಕೂರು ರಸ್ತೆಯಲ್ಲಿ ಊರೊಳಗೆ ಬರುತ್ತವೆ. ಗೊರಗುಂಟೆಪಾಳ್ಯದಲ್ಲಿ ಇಳಿದರೆ ಅದೇ ರಿಂಗ್ ರೋಡು! ಬಿಇಎಲ್ ಸರ್ಕಲ್, ಹೆಬ್ಬಾಳ, ನಾಗವಾರ ದಾಟಿದರೆ ನಿಮ್ಮ ಕಲ್ಯಾಣನಗರ. ಮೆಜೆಸ್ಟಿಕ್ಕಿಗೆ ಹೋಗಿ ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಮನೆಯಲ್ಲಿ ಸ್ನಾನ ಮುಗಿಸಿರುತ್ತೀರಿ. ಬಸ್ ಫ್ಲೈಓವರ್ ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಸಿಗುವುದಿಲ್ಲ. ಎಲ್ಲಿ ನಿಲ್ಲಿಸುತ್ತೀರಿ ಅಂತ ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಮೆಟ್ರೋ ಬೇಕಾದವರಿಗೆ ಇನ್ನೂ ಮುಂಚೆಯೇ ಸಿಗುತ್ತದೆ. 2024ರ ನವೆಂಬರಿಂದ ಹಸಿರು ಮಾರ್ಗ ಮಾದಾವರದ ತನಕ ಬಂದಿದೆ.

ಬಳಗೆರೆ ಕಡೆ ಮನೆ ಮಾಡಿದರೆ ಊರಿಗೆ ಬರುವಾಗ ಇಡೀ ಬೆಂಗಳೂರು ದಾಟಬೇಕು. ತಿಂಗಳಿಗೆ ಎರಡು ಸಲ ಊರಿಗೆ ಬರುವವರಾದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೈಕಲ್ಲನ್ನು ರೈಲಲ್ಲಿ ತಗೊಂಡು ಹೋಗಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಲೈನ್ ಶುರುವಾದ ಮೇಲೆ ಹಾಸನದಿಂದ ಯಶವಂತಪುರಕ್ಕೆ ನೇರ ರೈಲು ಇದೆ. ಸ್ಟೇಷನ್ನಿಗೆ ಬೇಗ ಹೋಗಿ ಪಾರ್ಸೆಲ್ ಆಫೀಸಲ್ಲಿ ಬುಕ್ ಮಾಡಿಸಿ. ಪೆಡಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಫ್ರೇಮಿಗೆ ರಟ್ಟಿನ ಚೀಟಿ ಕಟ್ಟಿ ಹೆಸರು, ಊರು ಬರೆಯಿರಿ. ಬೀಗದ ಕೀಲಿ ಮನೆಯಲ್ಲಿ ಮರೆಯಬೇಡಿ.

ಕುವೆಂಪುನಗರದ ಹುಡುಗಿ:

ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಗೊರಗುಂಟೆಪಾಳ್ಯದ ಮಾತು ಅವರಿಗೆ ತುಂಬಾ ಹಿಡಿಸಿತು. ಇನ್ನೊಂದೇ ಪ್ರಶ್ನೆ. ಮಳೆ? 2022ರಲ್ಲಿ ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋದದ್ದನ್ನು ಟಿವಿಯಲ್ಲಿ ನೋಡಿದ್ದೆ. ಅಂಥ ದಿನ ಏನು ಮಾಡುತ್ತೀರಿ?

ಚನ್ನರಾಯಪಟ್ಟಣದ ಅಕ್ಕ:

ಅಂಥ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಹೇಳಿಬಿಡಿ. ಆ ಸೆಪ್ಟೆಂಬರಲ್ಲಿ ಕಾರು ಇದ್ದವರೂ ಹೋಗೋಕೆ ಆಗಲಿಲ್ಲ. ದಿನನಿತ್ಯದ ಮಳೆ ನಮ್ಮ ಮಲೆನಾಡಿನ ಹಾಗೆ ದಿನವಿಡೀ ಜಿಟಿಜಿಟಿ ಹಿಡಿದು ಕೂರುವುದಿಲ್ಲ. ಹೆಚ್ಚಾಗಿ ಸಂಜೆ ಹೊಡೆಯುತ್ತದೆ, ಒಂದು ಗಂಟೆಯಲ್ಲಿ ಬಿಡುತ್ತದೆ. ಆ ಒಂದು ಗಂಟೆ ಆಫೀಸಲ್ಲೇ ಇದ್ದುಬಿಡಿ. ನೀರು ನಿಂತ ಕಡೆ ಸೈಕಲ್ ಇಳಿಸಲೇಬೇಡಿ, ಕೆಳಗೆ ಗುಂಡಿ ಇದೆಯೋ ಮುಚ್ಚಳ ಇಲ್ಲದ ಚರಂಡಿ ಇದೆಯೋ ಕಾಣಿಸುವುದಿಲ್ಲ. ಬ್ಯಾಗಲ್ಲಿ ಒಂದು ಜೊತೆ ಚಪ್ಪಲಿ ಯಾವಾಗಲೂ ಇರಲಿ.

ಬಿ.ಎಂ. ರಸ್ತೆಯವನು:

ಒಂದು ಮರೆತಿದ್ದೆ. ನೀಲಿ ಮಾರ್ಗದ ಮೆಟ್ರೋ ಕೆ.ಆರ್. ಪುರಂನಿಂದ ಮುಂದೆ ಹೊರಮಾವು, ಕಲ್ಯಾಣನಗರ, ನಾಗವಾರ, ಹೆಬ್ಬಾಳದ ಮೇಲೆ ಏರ್‌ಪೋರ್ಟಿಗೆ ಹೋಗುವ ಮಾರ್ಗ. ಅದು ಮುಗಿದ ದಿನ ನಿಮ್ಮ ಮನೆಗೂ ಆಫೀಸಿಗೂ ಒಂದೇ ರೈಲು. ಅಲ್ಲಿ ತನಕ 500-ಡಿ. ಬಸ್ ಎಲ್ಲಿದೆ ಅಂತ ಫೋನಲ್ಲಿ ನೋಡೋಕೆ ನಮ್ಮ ಬಿಎಂಟಿಸಿ ಆ್ಯಪ್ ಇದೆ. ನೋಡಿಕೊಂಡು ಮನೆಯಿಂದ ಹೊರಡಿ.

ಕುವೆಂಪುನಗರದ ಹುಡುಗಿ (ಎರಡು ತಿಂಗಳ ನಂತರ):

ಎಲ್ಲರೂ ಹೇಗಿದ್ದೀರಿ? ಹೇಳಿ ಹೋಗೋಣ ಅಂತ ಬಂದೆ. ಕಲ್ಯಾಣನಗರದ ಮನೆಯನ್ನೇ ಹಿಡಿದೆವು. ರಿಂಗ್ ರೋಡಿಂದ ಒಂದೂಮುಕ್ಕಾಲು ಕಿಲೋಮೀಟರ್ ಒಳಗೆ.

ಬೆಳಿಗ್ಗೆ ಏಳಕ್ಕೆ ಹೊರಡುತ್ತೇನೆ. ಮನೆ ಮುಂದಿನ ಬೀದಿಯಲ್ಲಿ ಹೊಂಗೆ ಮರಗಳಿವೆ. ಆ ಹೊತ್ತಿಗೆ ಹೂವಿನವರು, ಪೇಪರಿನವರು ಬಿಟ್ಟರೆ ರಸ್ತೆ ಖಾಲಿ. ಸ್ಟಾಪಿನ ಹಿಂದಿನ ಬೀದಿಯಲ್ಲಿ ಒಬ್ಬರು ಟೈಲರ್ ಅಂಗಡಿ ಇಟ್ಟಿದ್ದಾರೆ. ಅವರ ಕಿಟಕಿಯ ಗ್ರಿಲ್ಲಿಗೆ ಸೈಕಲ್ ಕಟ್ಟುತ್ತೇನೆ. ಮೊದಲ ದಿನ ಕೇಳಿದಾಗ ಯಾವ ಊರು ಅಂದರು. ಹಾಸನ ಅಂದೆ. ಅವರ ತಾಯಿ ಅರಕಲಗೂಡಿನವರಂತೆ. ದುಡ್ಡು ಬೇಡ ಅಂತ ಹಟ ಮಾಡಿದರು, ಕೊನೆಗೆ ತಿಂಗಳಿಗೆ ನೂರು ರೂಪಾಯಿಗೆ ಒಪ್ಪಿಸಿದೆ. ಸೀಟಿನ ಮೇಲೆ ಅವರೇ ಒಂದು ಪ್ಲಾಸ್ಟಿಕ್ ಕವರ್ ಹೊಲಿದು ಹಾಕಿದ್ದಾರೆ. ಕೆಳಗೆ ಕಟ್ಟೋಕೆ ಲಂಗದ ಲಾಡಿ ಹಾಕಿಕೊಟ್ಟಿದ್ದಾರೆ. ಸಂಜೆ ಬಂದು ಆ ಗಂಟು ಬಿಚ್ಚುವಾಗ ದಿನದ ಆಯಾಸ ಅರ್ಧ ಇಳಿಯುತ್ತದೆ.

ಬಸ್ಸಲ್ಲಿ ನೂಕುನುಗ್ಗಲು ಇದ್ದೇ ಇದೆ, ಇಲ್ಲ ಅಂತ ಹೇಳಲ್ಲ. ಬೆಳಿಗ್ಗೆ ಹೆಚ್ಚು ದಿನ ಕೂತೇ ಹೋಗುತ್ತೇನೆ. ಸಂಜೆ ಮಾತ್ರ ಟಿನ್ ಫ್ಯಾಕ್ಟರಿ ತನಕ ನಿಂತೇ ಬರಬೇಕು, ಅಲ್ಲಿ ಬಸ್ಸೂ ಹತ್ತು ಹದಿನೈದು ನಿಮಿಷ ಅಲ್ಲಾಡುವುದಿಲ್ಲ. ದಿನಾ ಅದೇ ಬಸ್ಸಿಗೆ ಬರುವ ಇಬ್ಬರು ಅಕ್ಕಂದಿರು ಈಗ ನನಗೆ ಜಾಗ ಹಿಡಿದಿಡುತ್ತಾರೆ. ಭಾನುವಾರ ಸೈಕಲ್ಲಲ್ಲೇ ಕಬ್ಬನ್ ಪಾರ್ಕಿಗೆ ಹೋಗಿದ್ದೆ. ಭಾನುವಾರ ಅಲ್ಲಿ ಒಳಗೆ ಗಾಡಿಗಳನ್ನು ಬಿಡುವುದಿಲ್ಲ. ಮಕ್ಕಳು ಸೈಕಲ್ ಕಲಿಯುತ್ತಿದ್ದರು. ನಾನು ಎರಡು ಗಂಟೆ ಸುಮ್ನೆ ಸುತ್ತಿದೆ.

ಆಲೂರಿನ ಅಪ್ಪಾಜಿಗೆ ಒಂದು ಮಾತು. ನಿಂತ ಕಾರು ಕಂಡರೆ ಸಾಕು, ನಿಮ್ಮ ಮಗನ ನೆನಪಾಗಿ ದೂರ ಸರಿಯುತ್ತೇನೆ. ಹೋದ ವಾರ ಹಾಗೆ ಸರಿದಾಗಲೇ ಒಂದು ಬಾಗಿಲು ತೆರೆಯಿತು. ತಾಗಲಿಲ್ಲ. ನೀವು ಬರೆಯದೇ ಇದ್ದಿದ್ದರೆ ತಾಗುತ್ತಿತ್ತು.

ಸಂತೆಪೇಟೆ ಅಣ್ಣ, ಹಿಂದಿನ ಬ್ರೇಕ್ ಶೂ ಸವೆದಿದೆ. ದೀಪಾವಳಿಗೆ ಬರುತ್ತೇನೆ, ಸೈಕಲ್ ತರೋಕೆ ಆಗಲ್ಲ. ಒಂದು ಜೊತೆ ಕೊಟ್ಟರೆ ಇಲ್ಲೇ ಹಾಕಿಕೊಳ್ಳುತ್ತೇನೆ.

ಆಲೂರಿನ ಅಪ್ಪ:

ಓದಿ ಕಣ್ಣು ತುಂಬಿತು ಮಗಳೇ. ಮಗನಿಗೂ ಕಳಿಸಿದ್ದೇನೆ.

ಸೋಮವಾರದ ಬಸ್:

ದೀಪಾವಳಿ ಅಂದರೆ ಹಾಸನಾಂಬೆ ದರ್ಶನದ ಸಮಯ. ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಗೊರಗುಂಟೆಪಾಳ್ಯಕ್ಕೆ ಬರುವಷ್ಟರಲ್ಲಿ ತುಂಬಿರುತ್ತವೆ. ಆ ಒಂದು ಸಲ ಮಾತ್ರ ಮೆಜೆಸ್ಟಿಕ್ಕಿಗೇ ಹೋಗಿ ಹತ್ತಿ.

ಸಂತೆಪೇಟೆ ಸೈಕಲ್ ಅಂಗಡಿ:

ಬ್ರೇಕ್ ಶೂ ಎತ್ತಿಟ್ಟಿದ್ದೇನೆ ಕಣಮ್ಮ. ಹಬ್ಬದ ಹಿಂದಿನ ದಿನ ಮಧ್ಯಾಹ್ನದ ತನಕ ಅಂಗಡಿ ತೆರೆದಿರುತ್ತದೆ. ಹಾಕುವುದು ಹೇಗೆ ಅಂತ ಇಲ್ಲೇ ಒಂದು ಹಳೇ ಸೈಕಲ್ಲಲ್ಲಿ ತೋರಿಸುತ್ತೇನೆ, ಹತ್ತು ನಿಮಿಷ ಇಟ್ಟುಕೊಂಡು ಬಾ.